ಬಿದ್ದಲ್ಲೇ ಅಂಟಿಸಿದ ಕಾಗದ

ಯಾಕೆ ಹರಿದೆ ಎಂದು ನಾನು ನನ್ನ ತಂಗಿಯನ್ನು ಕೇಳಲಿಲ್ಲ. ಕೇಳಲು ಒಂದು ನಿಮಿಷ ಸಾಕಿತ್ತು. ಫೋನು ಕಿಸೆಯಲ್ಲೇ ಇತ್ತು. ಅವಳ ಮನೆ ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆ. ಬೆಳಿಗ್ಗೆ ಇಬ್ಬರೂ ಒಂದೇ ರೈಲು ಹತ್ತುತ್ತಿದ್ದೆವು. ಆದರೂ ಕೇಳಲಿಲ್ಲ, ಕೇಳದೆ ಕೈ ಹಾಕಿದೆ. ಅವಳು ಮಾಡಿದ್ದನ್ನು ಹಾಳು ಮಾಡಿದೆ. ಹಾಳಾಗಿದೆ ಎಂದು ತಿಳಿದ ಮೇಲೂ ಎರಡು ವರ್ಷ ಬಾಯಿ ಬಿಡಲಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಬರೆಯುವುದು ಸ್ವಲ್ಪ ಸುಲಭವಾದೀತು ಎಂದುಕೊಂಡಿದ್ದೇನೆ.

ನಾನು ಏಳನೆಯ ಇಯತ್ತೆಯವರೆಗೆ ಓದಿದವನು. ಅಪ್ಪ ತೀರಿಕೊಂಡ ವರ್ಷ ಅವ್ವ ನನ್ನನ್ನು ಶಾಲೆ ಬಿಡಿಸಿ ಹುಬ್ಬಳ್ಳಿಯ ಒಂದು ಫೋಟೋ ಕಟ್ಟಿನ ಅಂಗಡಿಗೆ ಸೇರಿಸಿದಳು. ದೇವರ ಪಟ, ತೀರಿಹೋದವರ ಫೋಟೋ, ಮದುವೆಯ ಗುಂಪುಚಿತ್ರ ಇವಕ್ಕೆಲ್ಲ ಮರದ ಪಟ್ಟಿ ಕೊಯ್ದು, ಗಾಜು ಕೂಡಿಸಿ, ಹಿಂದೆ ರಟ್ಟು ಬಡಿಯುವುದು ನಮ್ಮ ಕೆಲಸ. ಮೂಲೆಮಟ್ಟ ಇಟ್ಟು ನೋಡಿದಾಗ ಕೂದಲೆಳೆಯಷ್ಟೂ ಸಂದು ಕಾಣಬಾರದು. ಕಂಡರೆ ಮಾಲಕರು ಮಾತಾಡುತ್ತಿರಲಿಲ್ಲ, ಕಟ್ಟನ್ನು ಬಿಚ್ಚಿ ನನ್ನ ಮುಂದೆ ಒಗೆಯುತ್ತಿದ್ದರು.

ಆ ಅಂಗಡಿಗೆ ಹರಿದ ದೇವರ ಪಟಗಳೂ ಬರುತ್ತಿದ್ದವು. ಪಟ ಹರಿದರೆ ಅದು ಭಿನ್ನವಾಯಿತು, ಭಿನ್ನವಾದದ್ದನ್ನು ಮನೆಯಲ್ಲಿ ಇಡಬಾರದು, ಒಂದೋ ಹೊಳೆಗೆ ಬಿಡಬೇಕು, ಇಲ್ಲವೇ ಹರಿದದ್ದು ಗೊತ್ತೇ ಆಗದಂತೆ ಕೂಡಿಸಬೇಕು. ಅಜ್ಜನ ಕಾಲದ ಪಟವನ್ನು ಹೊಳೆಗೆ ಬಿಡಲು ಮನಸ್ಸಿಲ್ಲದವರು ಚೂರುಗಳನ್ನು ಅರಿವೆಯಲ್ಲಿ ಕಟ್ಟಿಕೊಂಡು ನಮ್ಮಲ್ಲಿಗೆ ತರುತ್ತಿದ್ದರು. ಒದ್ದೆ ಮಾಡಿ, ಹಳೆಯ ಅಂಟು ಬಿಡಿಸಿ, ಎಳೆಗೆ ಎಳೆ ಹೊಂದಿಸಿ ಮತ್ತೆ ಅಂಟಿಸುವುದು ನನ್ನ ಕೈಗೆ ಬಂದ ವಿದ್ಯೆ. ಮೈದಾ ಹಿಟ್ಟನ್ನು ಕುದಿಸಿ, ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕಿದರೆ ನಮ್ಮ ಅಂಟು ತಯಾರು. ಅದರ ಗುಣವೇನೆಂದರೆ ಎಷ್ಟು ವರ್ಷವಾದರೂ ಹಿಡಿದುಕೊಂಡಿರುತ್ತದೆ, ತಂಪು ನೀರು ತಾಗಿಸಿದರೆ ಸದ್ದಿಲ್ಲದೆ ಬಿಟ್ಟುಕೊಡುತ್ತದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ ಈ ಅಂಟು ಮಾಡುವುದನ್ನು ತಂಗಿಗೆ ಕಲಿಸಿದವನು ನಾನೇ.

ತಂಗಿ ನನಗಿಂತ ಆರು ವರ್ಷ ಚಿಕ್ಕವಳು. ಅವಳ ಶಾಲೆ ಬಿಡಿಸಲಿಲ್ಲ. ಚಿತ್ರ ಬರೆಯುತ್ತಿದ್ದಳು, ಧಾರವಾಡದಲ್ಲಿ ಓದಿದಳು, ಸ್ಕಾಲರ್‌ಶಿಪ್ ಸಿಕ್ಕಿ ಅಮೆರಿಕಕ್ಕೆ ಚಿತ್ರಕಲೆಯ ಇತಿಹಾಸ ಓದಲು ಹೋದಳು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ತಿಂಗಳಿಗೊಂದು ಭಾನುವಾರ ನಾನು ನೀಲಿ ಏರೋಗ್ರಾಂ ಕಾಗದ ತೊಡೆಯ ಮೇಲಿನ ರಟ್ಟಿನ ಮೇಲೆ ಇಟ್ಟುಕೊಂಡು ಕೂರುತ್ತಿದ್ದೆ, ಅವ್ವ ಹೇಳುತ್ತಿದ್ದಳು.

"ಬರಿ, ನಳ ಬಂದು ಒಂಬತ್ ದಿನ ಆತು. ಏ, ಬೆಕ್ಕ ನೋಡೋ, ಹಾಲಿಗೆ ಬಾಯಿ ಹಾಕ್ತು, ಹೊಡಿ ಅದನ್ನ! ಅಲ್ಲಾ, ಆ ಹುಡುಗಿ ಆ ಥಂಡ್ಯಾಗ ಏನ್ ಹೊದ್ಕೋತೈತೋ ಏನೋ. ಮೊಣಕಾಲಿಂದು ಬರೀಬ್ಯಾಡ. ಬರಿ ಬರಿ, ಇಲ್ಲಂದ್ರ ಮುಚ್ಚಿಟ್ರಿ ಅಂತ ಜಗಳ ತೆಗೀತಾಳ. ನಗಾಕತ್ತಿ ಯಾಕ? ಬರದಿಯೇನು?"

ಅವ್ವನ ಮಾತು ಹೀಗೆ ಒಂದು ಕಡೆಯಿಂದ ಇನ್ನೊಂದು ಕಡೆ ಹಾರುತ್ತಿತ್ತು. ನಾನು ಅದನ್ನು ಸರಿಪಡಿಸಿ ಬರೆಯುತ್ತಿದ್ದೆ. ಮೊದಲು ಕ್ಷೇಮ ಸಮಾಚಾರ, ಆಮೇಲೆ ಅವ್ವನ ಆರೋಗ್ಯ, ಆಮೇಲೆ ನೀರು, ಮನೆ, ಬೆಕ್ಕು, ಕೊನೆಗೆ ಆಶೀರ್ವಾದ. ಶಾಲೆಯಲ್ಲಿ ಗುರುಗಳು ಪತ್ರ ಬರೆಯುವುದನ್ನು ಹಾಗೇ ಕಲಿಸಿದ್ದರು. ಅಕ್ಷರ ಮುತ್ತಿನ ಹಾಗಿರುತ್ತಿತ್ತು. ಸುತ್ತಲೂ ಎರಡು ಬೆರಳು ಜಾಗ ಖಾಲಿ ಬಿಡುತ್ತಿದ್ದೆ, ಪಟದ ಸುತ್ತ ಬಿಳಿ ಅಂಚು ಬಿಟ್ಟ ಹಾಗೆ. ಆ ಕಾಗದಗಳ ಬಗ್ಗೆ ನನಗೆ ಹೆಮ್ಮೆ ಇತ್ತು. ಈ ಮಾತು ಬರೆಯುವಾಗ ನಾಚಿಕೆಯಾಗುತ್ತದೆ.

ಅವ್ವ ತೀರಿಕೊಂಡಾಗ ತಂಗಿಗೆ ಬರಲಾಗಲಿಲ್ಲ. ವೀಸಾ ನವೀಕರಣ ನಡುವೆ ಸಿಕ್ಕಿಕೊಂಡಿತ್ತು, ದೇಶ ಬಿಟ್ಟರೆ ಮತ್ತೆ ಒಳಗೆ ಬಿಡುವ ಭರವಸೆ ಇರಲಿಲ್ಲ. ಅದಕ್ಕೆ ಎರಡು ವಾರ ಮುಂಚೆ ನಾನು ಬರೆದ, ಆ ನಳ, ಬೆಕ್ಕು, ಮೊಣಕಾಲಿನ ಕಾಗದವೇ ಅವಳಿಗೆ ಅವ್ವನಿಂದ ಹೋದ ಕೊನೆಯ ಕಾಗದವಾಯಿತು.

ಮುಂದೆ ಅವಳು ಅಮೆರಿಕದ ಪೌರಳಾಗಿ ನನ್ನನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದಳು. ಅಣ್ಣ ತಮ್ಮಂದಿರ ಅರ್ಜಿ ನಿಧಾನ. ಹದಿಮೂರು ವರ್ಷ ಕಾದು ನಾನೂ ನನ್ನ ಹೆಂಡತಿಯೂ ಬಂದು, ಮ್ಯಾನ್‌ಹಟನ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಹಿಕ್ಸ್‌ವಿಲ್‌ನಲ್ಲಿ ಒಂದು ಬೇಸ್‌ಮೆಂಟಿನಲ್ಲಿ ಮನೆ ಮಾಡಿದೆವು. ಅಷ್ಟರಲ್ಲಿ ಮಗಳಿಗೆ ಇಪ್ಪತ್ತೊಂದು ದಾಟಿತ್ತು, ಅಷ್ಟು ವಯಸ್ಸಿನ ಮಕ್ಕಳಿಗೆ ಆ ಅರ್ಜಿಯಲ್ಲಿ ಜಾಗವಿಲ್ಲ, ಅವಳಿಗೆ ಬರಲಾಗಲಿಲ್ಲ. ತಂಗಿ ಸ್ಟೇಷನ್ನಿನ ಹತ್ತಿರ, ಅಂಗಡಿಯ ಮೇಲಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಇದ್ದಳು. ಮದುವೆಯಾಗಿರಲಿಲ್ಲ. ಎರಡು ಮೂರು ಕಾಲೇಜುಗಳಲ್ಲಿ ಅಲ್ಲೊಂದು ಇಲ್ಲೊಂದು ಕ್ಲಾಸು ತೆಗೆದುಕೊಳ್ಳುತ್ತಿದ್ದಳು. ಮ್ಯಾನ್‌ಹಟನ್‌ನ ಒಂದು ಕಟ್ಟಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ನನಗೆ ಕೆಲಸ ಕೊಡಿಸಿದವಳೂ ಅವಳೇ. ಭಾಷೆ ಬರದಿದ್ದರೂ ಅಲ್ಲಿ ನಡೆಯಿತು. ಅಂಗಡಿಯ ಮುದುಕ ಮಾಲಕ ನನ್ನ ಮೊದಲ ಕಟ್ಟಿನ ನಾಲ್ಕು ಮೂಲೆಗಳ ಮೇಲೆ ಉಗುರು ಎಳೆದು ನೋಡಿ, ಅಂಗಡಿಯ ಬೀಗದ ಕೈ ನನ್ನ ಅಂಗೈಯಲ್ಲಿಟ್ಟ.

ಬಂದ ಮೊದಲ ಚಳಿಗಾಲದಲ್ಲಿ ತಂಗಿ ನನ್ನನ್ನು ಒಂದು ದೊಡ್ಡ ಮ್ಯೂಸಿಯಂಗೆ ಕರೆದೊಯ್ದಳು. ತಾನು ಇಡೀ ಜೀವಮಾನ ಓದಿದ್ದು ಏನು ಎಂದು ಅಣ್ಣನಿಗೆ ತೋರಿಸಬೇಕೆಂಬ ಆಸೆ. ಮೊದಲು ಒಂದು ಕೋಣೆಯಲ್ಲಿ ಮೂಗು ಒಂದು ಕಡೆ, ಕಣ್ಣು ಒಂದು ಕಡೆ ಇರುವ ಮುಖಗಳು, ಪೇಪರಿನ ತುಂಡು ಅಂಟಿಸಿ ಮಾಡಿದ ತಂತಿವಾದ್ಯ. ನಾನು ಚಿತ್ರ ಬಿಟ್ಟು ಕಟ್ಟು ನೋಡುತ್ತ ಹೋದೆ. ಒಂದು ಮೂಲೆಯಲ್ಲಿ ಅಂಗೈಯಷ್ಟು ಅಗಲದ ಚಿತ್ರ. ಬಸ್ಸಿನ ಟಿಕೀಟು, ಮಿಠಾಯಿ ಸುತ್ತಿದ ಕಾಗದ, ಹರಿದ ಪೇಪರು.

"ಇದೇನ ತಂಗೆವ್ವಾ? ಕಸಬರಿಗಿ ಮುಂದಿನ ಕಸ. ಇದಕ್ಕೊಬ್ಬ ಕಾವಲುಗಾರ ಬ್ಯಾರೆ!"

"ಮೆಲ್ಲಕ ಮಾತಾಡ ಅಣ್ಣಾ."

"ಇಲ್ಲಿ ಯಾರಿಗೆ ತಿಳೀತೈತಿ ಬಿಡು."

"ಅಲ್ಲಿ ಆ ಆಂಟಿ ಸೀರಿ ನೋಡು. ಇಳಕಲ್ ಸೀರಿ. ಎಲ್ಲಾ ತಿಳದಿರತೈತಿ ಅವ್ರಿಗೆ."

ಆಮೇಲೆ ಅವಳು ನನ್ನನ್ನು ಬೆಂಚಿನ ಮೇಲೆ ಕೂರಿಸಿ ಹೇಳಿದಳು. ನೂರು ವರ್ಷದ ಹಿಂದೆ ಯುರೋಪಿನಲ್ಲಿ ದೊಡ್ಡ ಯುದ್ಧ. ಅದರಿಂದ ತಪ್ಪಿಸಿಕೊಂಡ ಕೆಲವು ಹುಡುಗರು ಹುಡುಗಿಯರು ಯುದ್ಧವಿಲ್ಲದ ಒಂದು ಊರಿನಲ್ಲಿ ಸೇರಿದರು.

"ಅವ್ರೇನಂದ್ರು ಗೊತ್ತೈತೇನು? ಈ ಯುದ್ಧ ಮಾಡಿದವ್ರೆಲ್ಲ ಭಾಳ ಶಾಣ್ಯಾರು, ನಕಾಶಿ ಮ್ಯಾಲೆ ಸ್ಕೇಲ್ ಇಟ್ಟು ಗೆರಿ ಎಳೆಯೋರು. ಎಲ್ಲಾ ಸರಳ, ಎಲ್ಲಾ ಸರಿ. ಹಂಗ ಸರಿ ಮಾಡಿ ಮಾಡಿ ಲಕ್ಷಗಟ್ಲೆ ಮಂದಿ ಸತ್ರು. ನಮಗ ಈ ಸರಿ ಮಾಡೂದ ಬ್ಯಾಡ ಅಂದ್ರು. ಕಾಗದ ಹರದು ಮ್ಯಾಲಿಂದ ಬಿಡ್ತಿದ್ರು. ಎಲ್ಲಿ ಬೀಳ್ತೈತೋ ಅಲ್ಲೇ ಅಂಟಸೂದು. ಕೈ ಹಚ್ಚಂಗಿಲ್ಲ. ದಾದಾ ಅಂತ ಹೆಸರಿಟ್ಕೊಂಡ್ರು."

"ನಮ್ಮ ಓಣ್ಯಾಗೂ ಒಬ್ಬ ದಾದಾ ಇದ್ನಲ್ಲ. ಅವನೂ ಕಂಡದ್ದೆಲ್ಲಾ ಒಡೀತಿದ್ದ."

ಅವಳು ಗಟ್ಟಿಯಾಗಿ ನಕ್ಕಳು. ಕಾವಲುಗಾರ ತಿರುಗಿ ನೋಡಿದ. "ರಷ್ಯಾದಾಗ ಒಬ್ಬಾಂವ," ಎಂದಳು, "ಬರೇ ಕರೀ ಚೌಕ ಬರದು ಅದನ್ನ ದೇವರ ಪಟ ಇಡೋ ಮೂಲ್ಯಾಗ ತೂಗಹಾಕಿದ್ದ."

"ಕಟ್ಟು ಹಾಕಿದ್ನೇನು?"

"ನಿನಗ ಕಟ್ಟಿಂದ ಚಿಂತಿ!" ಮತ್ತೆ ನಕ್ಕಳು. ಅವಳು ನನ್ನೆದುರು ಹಾಗೆ ನಕ್ಕದ್ದು ಮತ್ತೆ ನೆನಪಿಲ್ಲ.

ತಂಗಿಯೂ ಹಾಗೆಯೇ ಅಂಟಿಸುತ್ತಿದ್ದಳು. ಅವಳ ಮನೆಯಲ್ಲಿ ಏಳು ಡಬ್ಬಗಳಿದ್ದವು. ರೈಲು ಟಿಕೀಟು, ಔಷಧದ ಚೀಟಿ, ಅಕ್ಕಿ ಚೀಲದ ಲೇಬಲ್ಲು, ಕಾಲೇಜಿನವರ ನೋಟೀಸು, ಹೀಗೆ ಬೀದಿಯಲ್ಲಿ ಸಿಕ್ಕದ್ದೆಲ್ಲ ಇಪ್ಪತ್ತು ವರ್ಷಗಳಿಂದ ಕೂಡಿಟ್ಟದ್ದು. ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದಾಗ ನಾನು ಹಾಸ್ಯ ಮಾಡುತ್ತಿದ್ದೆ. "ರದ್ದಿ ಪೇಪರ್‌ನಾವ ಬಂದಾನೇನು ನೋಡು," ಎಂದು ಹೆಂಡತಿಗೆ ಹೇಳುತ್ತಿದ್ದೆ. ತಂಗಿ ಬೇಸರಪಡುತ್ತಿರಲಿಲ್ಲ. ಅಂಟು ಬೇಗ ಒಣಗಿ ಸೀಳುತ್ತದೆ ಎಂದಾಗ ನಾನೇ ಮೈದಾ ಕುದಿಸಿ ತೋರಿಸಿಕೊಟ್ಟೆ. ಅಷ್ಟರಮಟ್ಟಿಗೆ ನಾನೂ ಅದರಲ್ಲಿ ಸೇರಿದ್ದೆ. ಒಳಗೊಳಗೆ ಮಾತ್ರ ಇದು ಒಂಟಿ ಹೆಂಗಸಿನ ಕಾಲಹರಣ ಎಂದೇ ತಿಳಿದಿದ್ದೆ.

ಎರಡು ವರ್ಷದ ಹಿಂದೆ ಅವಳಿಗೆ ಬ್ರೂಕ್ಲಿನ್‌ನ ಒಂದು ಸಣ್ಣ ಗ್ಯಾಲರಿಯಲ್ಲಿ ಪ್ರದರ್ಶನ ಸಿಕ್ಕಿತು. ಐವತ್ತೆರಡನೇ ವಯಸ್ಸಿನಲ್ಲಿ ಮೊದಲನೆಯದು. ಆರು ಚಿತ್ರಗಳನ್ನು ನನ್ನ ಅಂಗಡಿಗೆ ತಾನೇ ಹೊತ್ತು ತಂದಳು. ಐದಕ್ಕೆ ಗಾಜು, ತೆಳ್ಳನೆಯ ಪಟ್ಟಿ. ಆರನೆಯದನ್ನು ಕೊನೆಗೆ ಬಿಚ್ಚಿದಳು.

"ಇದಕ್ಕ ಗ್ಲಾಸ್ ಬ್ಯಾಡಣ್ಣಾ. ಹೆಂಗೈತಿ ಹಂಗ, ಡಬ್ಬಿಹಂಗ ಆಳ ಇರೋ ಫ್ರೇಮ್ ಹಾಕು. ಅಂಚಿನಿಂದ ಹೊರಗ ಬಂದದ್ದು ಹೊರಗ ಇರ್ಲಿ. ನೀ ಏನೂ ಮುಟ್ಟೂದ ಬ್ಯಾಡ."

"ಆತ ತಗೋ," ಎಂದೆ. ಅವಳಿಗೆ ಕ್ಲಾಸಿಗೆ ಹೊತ್ತಾಗಿತ್ತು, ಹೋದಳು.

ಬೂದು ಬಣ್ಣದ ರಟ್ಟಿನ ಮೇಲೆ ನಲವತ್ತು ಐವತ್ತು ನೀಲಿ ಚೂರುಗಳು. ಕೆಲವು ಒಂದರ ಮೇಲೊಂದು, ಕೆಲವು ಬೆನ್ನು ಮೇಲಾಗಿ, ಕೆಲವು ಅಂಚಿನಿಂದ ಅರ್ಧ ಹೊರಗೆ ಜೋತುಬಿದ್ದು, ತುದಿ ಸುರುಳಿಯಾಗಿ. ದೀಪದ ಕೆಳಗೆ ಹಿಡಿದೆ. ಒಂದು ಚೂರಿನಲ್ಲಿ 'ಮೊಣಕಾ' ಎಂದಿತ್ತು. ನನ್ನ ಅಕ್ಷರ. ಅದರ ಪಕ್ಕದಲ್ಲಿ 'ಬೆಕ್ಕು'. ಅದೂ ನನ್ನದೇ ಅಕ್ಷರ. ಅವ್ವನ ಕೊನೆಯ ಕಾಗದ ಅದು.

ದೀಪವನ್ನು ಇನ್ನೂ ಹತ್ತಿರ ಎಳೆದು ಮತ್ತೊಮ್ಮೆ ನೋಡಿದೆ. ಆಮೇಲೆ ಸಿಟ್ಟು ಬಂತು. ಸತ್ತ ತಾಯಿಯ ಕಾಗದವನ್ನು ಹರಿಯಲು ಇವಳಿಗೆ ಕೈ ಹೇಗೆ ಬಂತು? ಯಾರೋ ನೂರು ವರ್ಷದ ಹಿಂದಿನ ಪುಂಡ ಹುಡುಗರ ಆಟಕ್ಕೆ ಅವ್ವ ಬೇಕಾಗಿದ್ದಳೇ? ಆಗಲೇ ನಾನು ಫೋನು ಮಾಡಬೇಕಿತ್ತು. ಬೈಯಲಾದರೂ ಮಾಡಬೇಕಿತ್ತು. ಬೈದಿದ್ದರೆ ಅವಳು ಉತ್ತರ ಹೇಳುತ್ತಿದ್ದಳು, ಉತ್ತರ ಹೇಳಿದ್ದರೆ ಆ ಚಿತ್ರ ಉಳಿಯುತ್ತಿತ್ತು. ನಾನು ರಟ್ಟನ್ನು ತಿರುಗಿಸಿ ನೋಡಿದೆ. ಹಿಂದೆ ಒಂದು ಲಕೋಟೆ ಅಂಟಿಸಿತ್ತು, ಅದರಲ್ಲಿ ಐದು ಚೂರು, ಅವಳು ಮೇಲಿಂದ ಬಿಟ್ಟಾಗ ರಟ್ಟಿನ ಹೊರಗೆ ಬಿದ್ದಂಥವು. ಒಂದೂ ಕಳೆದಿರಲಿಲ್ಲ. ಎಲ್ಲವೂ ಇವೆ, ಕೂಡಿಸಬಹುದು ಎಂದು ಹೊಳೆದದ್ದೇ ತಡ, ಸಿಟ್ಟು ಹೋಗಿ ಒಂದು ಬಗೆಯ ಖುಷಿ ಬಂತು. ಹುಬ್ಬಳ್ಳಿಯ ಅಂಗಡಿಯಲ್ಲಿ ಅರಿವೆಯ ಗಂಟು ಬಿಚ್ಚಿದಾಗ ಬರುತ್ತಿತ್ತಲ್ಲ, ಅಂಥದೇ.

ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಇಡೀ ದಿನ ಕೂತೆ. ಒದ್ದೆ ಬ್ಲಾಟಿಂಗ್ ಕಾಗದ ಹಾಸಿದೆ. ನಾನೇ ಕಲಿಸಿದ ಅಂಟು, ನೀರು ತಾಗಿದ ಕೂಡಲೇ ಬಿಟ್ಟಿತು. ಬಾಲ್‌ಪೆನ್ನಿನ ಮಸಿ ನೀರಿಗೆ ಕದಡುವುದಿಲ್ಲ. ಸಾಲುಗಳು ನನಗೆ ಬಾಯಿಪಾಠ. ನಾನೇ ಬರೆದದ್ದಲ್ಲವೇ? 'ನಾವೆಲ್ಲರೂ ಇಲ್ಲಿ ಕ್ಷೇಮ. ನಿನ್ನ ಕ್ಷೇಮ ಸಮಾಚಾರವನ್ನು ಆಗಾಗ ತಿಳಿಸುತ್ತಿರು. ಅವ್ವನ ಮೊಣಕಾಲು ನೋವು ಈಗ ಕಡಿಮೆ ಇರುತ್ತದೆ. ನೀರಿನ ತೊಂದರೆ ಇದೆ. ಬೆಕ್ಕು ಮರಿ ಹಾಕಿದೆ. ಥಂಡಿಯಲ್ಲಿ ಹುಷಾರಾಗಿರು.' ಎಳೆಗೆ ಎಳೆ ಕೂಡಿತು. ಹರಿದ ಗುರುತು ಹುಡುಕಿದರೂ ಸಿಗದಂತೆ ಮಾಡಿದೆ. ಬಿಳಿ ಅಂಚು ಬಿಟ್ಟು, ಅಂಗಡಿಯಲ್ಲಿದ್ದ ಒಳ್ಳೆಯ ಗಾಜು ಹಾಕಿ, ತೇಗದ ಪಟ್ಟಿಯಲ್ಲಿ ಕಟ್ಟಿದೆ.

ಮನೆಗೆ ತಂದದ್ದನ್ನು ಹೆಂಡತಿ ನೋಡಿ ಕೇಳಿದಳು. "ಆಕಿಗೆ ಹೇಳೀರೇನು?"

"ನೋಡಿದ್ರ ಖುಷಿ ಆಗ್ತಾಳ."

"ನಿಮ್ಮ ಕೈ ಒಂದ ಗಳಿಗಿ ಸುಮ್ಮನಿರೂದಿಲ್ಲ ನೋಡ್ರಿ," ಎಂದು ಒಳಗೆ ಹೋದಳು. ಅವಳಿಗೆ ಆಗಲೇ ಅಂಜಿಕೆ ಇತ್ತು. ನನಗೆ ಇರಲಿಲ್ಲ.

ಪ್ರದರ್ಶನದ ದಿನ ಐದು ಚಿತ್ರಗಳು ಮೊದಲೇ ಹೋಗಿದ್ದವು. ಆರನೆಯದನ್ನು ನಾನೇ ಕಂದು ಕಾಗದದಲ್ಲಿ ಸುತ್ತಿ ತೆಗೆದುಕೊಂಡು ಹೋದೆ. ಜನ ಬರತೊಡಗಿದ್ದರು. ಒಳಗೆ ಹೋದ ಕೂಡಲೇ ಎದುರಿಗೆ ಕಾಣುವ ಗೋಡೆಯನ್ನು ಅದಕ್ಕೆಂದೇ ಖಾಲಿ ಬಿಟ್ಟಿದ್ದರು. ಮೊಳೆ ಹೊಡೆದಿತ್ತು, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಚೀಟಿ. ಅವಳು ಹೊಸ ಸೀರೆ ಉಟ್ಟಿದ್ದಳು. ಕಾಗದ ಬಿಚ್ಚಿ ನೋಡಿದಳು. ತಿರುಗಿಸಿ ಹಿಂಬದಿಯನ್ನೂ ನೋಡಿದಳು.

"ಎಲ್ಲಿ ಹೋತು?"

"ಯಾವ್ದು?"

"ನಂದು."

"ಇಲ್ಲೇ ಐತಲ್ಲ. ಒಂದ್ ಚೂರೂ ಕಳದಿಲ್ಲ. ನೋಡು, ಎಲ್ಲ್ಯಾದ್ರೂ ಗೆರಿ ಕಾಣ್ತೈತೇನು? ಇನ್ನೂ ಛಲೋ ಆಗೇತಿ."

ಅವಳು ಗಾಜಿನ ಮೇಲೆ ಬೆರಳಿಟ್ಟಳು. ಕೂಡಿಸಿದ ಜಾಗ ಹುಡುಕುವಂತೆ ಮೆಲ್ಲಗೆ ಎಳೆದಳು. ಅದು ನನ್ನನ್ನು ಕೆಣಕಿತು. ಜನ ಇದ್ದಾರೆಂಬುದೂ ಮರೆತು ಗಟ್ಟಿಯಾಗಿ ಕೇಳಿದೆ. "ಅವ್ವನ ಕಾಗದ ಹರಿಯಾಕ ಕೈಯರ ಹೆಂಗ ಬಂತು ನಿನಗ?"

ಯಾಕೆ ಹರಿದೆ ಎಂದು ಕೇಳುವುದು ಬೇರೆ, ಹೀಗೆ ಕೇಳುವುದು ಬೇರೆ. ಅಲ್ಲಿದ್ದವರಿಗೆ ಮಾತು ತಿಳಿಯದಿದ್ದರೂ ದನಿ ತಿಳಿಯಿತು, ತಿರುಗಿ ನೋಡಿದರು. ತಂಗಿ ಮೆಲ್ಲಗೆ ಹೇಳಿದಳು. "ಅದು ಅವ್ವನ ಕಾಗದ ಅಲ್ಲಣ್ಣಾ. ನಿನ್ನ ಕಾಗದ. ಅವ್ವ ಅದರಾಗ ಇರಲೇ ಇಲ್ಲ."

ನಾನು ಕಟ್ಟನ್ನು ಎತ್ತಿಕೊಂಡು ಹೊರಗೆ ಬಂದೆ. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದೆ. ಮೊಳೆ, ಚೀಟಿ, ಬಿಳಿ ಗೋಡೆ. ಕನ್ನಡಕದ ಒಬ್ಬ ಗೃಹಸ್ಥ ಆ ಖಾಲಿ ಗೋಡೆಯ ಮುಂದೆ ಕೈಕಟ್ಟಿ ನಿಂತು, ಅದನ್ನೇ ಚಿತ್ರವೆಂದು ತಿಳಿದು, ತಂಗಿಗೆ ಏನೋ ಮೆಚ್ಚುಗೆ ಹೇಳುತ್ತಿದ್ದ. ಅವಳು ತಲೆಯಾಡಿಸಿ ನಗಲು ಪ್ರಯತ್ನಿಸುತ್ತಿದ್ದಳು. ಆ ನಗು ನನ್ನನ್ನು ಬಿಟ್ಟಿಲ್ಲ.

ಅಂದಿನಿಂದ ಅವಳು ರೈಲಿನಲ್ಲಿ ಬೇರೆ ಡಬ್ಬಿ ಹತ್ತತೊಡಗಿದಳು. ಪ್ಲಾಟ್‌ಫಾರ್ಮಿನ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಅವಳು. ಭಾನುವಾರದ ಊಟ ನಿಂತಿತು. ಹೆಂಡತಿ ಮಾತ್ರ ಆಗಾಗ ರೊಟ್ಟಿ ಕಟ್ಟಿಕೊಂಡು ಹೋಗಿ ಬರುತ್ತಿದ್ದಳು. ಒಂದು ದಿನ ಬಂದವಳೇ ಹೇಳಿದಳು.

"ಆಕಿ ಆ ಕಾಗದಾನ ಇಪ್ಪತ್ತ ವರ್ಷ ತಲಿದಿಂಬಿನ ಕೆಳಗ ಇಟ್ಕೊಂಡಿದ್ಲಂತ. ದಿನಾ ಓದತಿದ್ಲಂತ. ಓದಿದಷ್ಟೂ ನಿಮ್ಮ ದನಿ ಕೇಳತಿತ್ತಂತ, ಅತ್ತಿಯವ್ರ ದನಿ ಮರತ ಹೋಗಾಕತ್ತಿತ್ತಂತ. ಕಡೀಕ ಒಂದಿನ ಹರದು ಮ್ಯಾಲಿಂದ ಬಿಟ್ಲಂತ. ಬಿದ್ದಿದ್ದು ನೋಡಿದ್ರ ಮೊಣಕಾಲಿನ ಮಗ್ಗಲ ಬೆಕ್ಕು, ಬೆಕ್ಕಿನ ಮಗ್ಗಲ ಥಂಡಿ. ಥೇಟ ಅತ್ತಿಯವ್ರ ಮಾತಾಡಿದಂಗ. ಕೂತು ಅತ್ಲಂತ. ಅಲ್ಲಲ್ಲೇ ಅಂಟಿಸಿದ್ಲಂತ. ಬೆನ್ನ ಮ್ಯಾಲಾಗಿ ಬಿದ್ದ ಚೂರ ಅದಾವಲ್ಲ, ನೀವು ಬರೀದ ಬಿಟ್ಟಿದ್ದೆಲ್ಲಾ ಆ ಚೂರಿನ ಕೆಳಗೈತಿ ಅಂತ ತಿಳ್ಕೊಂಡಿದ್ಲಂತ."

ನಾನು ಊಟ ಬಿಟ್ಟು ಎದ್ದೆ. ಆದರೂ ಹೋಗಲಿಲ್ಲ. ಹೋಗಿ ಹೇಳುವುದಕ್ಕಿಂತ ಸರಿಪಡಿಸುವುದು ನನಗೆ ಸುಲಭ. ಬದುಕಿನುದ್ದಕ್ಕೂ ಅದನ್ನೇ ಮಾಡಿದವನು. ಅವಳು ಕಟ್ಟು ಹಾಕಲು ಕೊಡುವ ಮುಂಚೆ ಅಳತೆಗೆಂದು ಆರೂ ಚಿತ್ರಗಳ ಫೋಟೋ ನನ್ನ ಫೋನಿಗೆ ಕಳಿಸಿದ್ದಳು. ಕೂಡಿಸಿದ ಕಾಗದದ ಝೆರಾಕ್ಸ್ ತೆಗೆದು, ಅದೇ ಅಳತೆಗೆ ಹರಿದು, ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಂಗಡಿಯ ನೆಲದ ಮೇಲೆ ರಟ್ಟು ಹಾಸಿ ಮೇಲಿಂದ ಬಿಡತೊಡಗಿದೆ. ಮೊದಲ ದಿನ ಎಲ್ಲ ಒಂದೇ ಕಡೆ ರಾಶಿಯಾಗಿ ಬಿದ್ದವು. ಮರುದಿನ ಫ್ಯಾನಿನ ಗಾಳಿಗೆ ಮೇಜಿನ ಕೆಳಗೆ ಹೋದವು. ಒಂದು ತಿಂಗಳು ದಿನವೂ ಹೀಗೇ ಮೇಲಿಂದ ಬಿಡುತ್ತ ಹೋದೆ. 'ಬೆಕ್ಕು' ಒಮ್ಮೆ 'ಆಶೀರ್ವಾದ'ದ ಮೇಲೆ ಬಿತ್ತು, ಒಮ್ಮೆ 'ನೀರಿ'ನ ಹತ್ತಿರ. 'ಮೊಣಕಾ' ಪಕ್ಕಕ್ಕೆ ಒಂದು ಸಲವೂ ಬರಲಿಲ್ಲ. ಮಾಲಕ ಬಾಗಿಲಲ್ಲಿ ನಿಂತು ನೋಡಿ, ತಲೆ ಕೆಟ್ಟಿದೆಯೇ ಎಂಬಂತೆ ಬೆರಳು ತಿರುಗಿಸಿದ.

ಕೊನೆಗೆ ಚಿಮಟ ಹಿಡಿದು, ಫೋನಿನ ಫೋಟೋ ನೋಡುತ್ತ, ಒಂದೊಂದೇ ಚೂರನ್ನು ಅದಿದ್ದ ಜಾಗದಲ್ಲೇ ಇಟ್ಟೆ. ಅದೇ ಓರೆ, ಅದೇ ಸುರುಳಿ. ಕೂದಲೆಳೆ ವ್ಯತ್ಯಾಸ ಇರಲಿಲ್ಲ. ಎದ್ದು ನಿಂತು ನೋಡಿದೆ. ಏನೂ ಇರಲಿಲ್ಲ ಅದರಲ್ಲಿ. ಪ್ರತಿಯೊಂದು ಚೂರೂ ನಾನಿಟ್ಟಲ್ಲಿ ಕೂತಿತ್ತು. ಮತ್ತೆ ನನ್ನದೇ ಕಾಗದ. ಆ ಕೋಣೆಯಲ್ಲಿ, ಸೊಟ್ಟಗಿದ್ದ ಆ ಚೂರುಗಳ ಮುಂದೆ, ತಂಗಿ ಬೆಂಚಿನ ಮೇಲೆ ಕೂರಿಸಿ ಹೇಳಿದ್ದು ನನಗೆ ತಿಳಿಯಿತು. ಬೀಳುವುದು ಒಂದೇ ಸಲ. ಅವ್ವ ಮಾತಾಡಿದ್ದೂ ಒಂದೇ ಸಲ. ಮೊದಲು ಅವ್ವನ ಬಾಯಿಂದ ಬಿದ್ದದ್ದನ್ನು ಎತ್ತಿ ಸಾಲಾಗಿ ಜೋಡಿಸಿದೆ, ಆಮೇಲೆ ತಂಗಿಯ ಕೈಯಿಂದ ಬಿದ್ದದ್ದನ್ನು. ಎರಡು ಸಲವೂ ಒಳ್ಳೆಯದು ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಅವತ್ತಾದರೂ ಹೋಗಿ ಹೇಳಬೇಕಿತ್ತು. ಹೋಗಲಿಲ್ಲ. ಏನೆಂದು ಹೇಳುವುದು ಎಂದು ವಾಕ್ಯ ಜೋಡಿಸುತ್ತ ಕೂತೆ. ಮೊದಲು ಇದು, ಆಮೇಲೆ ಅದು, ಕೊನೆಗೆ ಕ್ಷಮೆ. ಜೋಡಿಸುತ್ತ ಜೋಡಿಸುತ್ತ ತಿಂಗಳುಗಳು ಹೋದವು.

ಈ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಸ್ಟೇಷನ್ನಿಗೆ ನಡೆದು ಹೋಗುತ್ತಿದ್ದೆ. ಅಂದು ರದ್ದಿ ಒಯ್ಯುವ ರೀಸೈಕ್ಲಿಂಗ್ ಲಾರಿ ಬರುವ ದಿನ. ತಂಗಿಯ ಮನೆಯ ಮುಂದಿನ ಕಟ್ಟೆಯ ಮೇಲೆ ಏಳು ಡಬ್ಬಗಳು ಸಾಲಾಗಿ ಇದ್ದವು. ಅವಳ ಅಕ್ಷರದಲ್ಲಿ 'ಟಿಕೀಟು', 'ಔಷಧ ಚೀಟಿ', 'ಅಕ್ಕಿ'. ಲಾರಿಯ ಸದ್ದು ಹಿಂದಿನ ಬೀದಿಯಲ್ಲಿ ಕೇಳುತ್ತಿತ್ತು. ನನ್ನ ಕೈ ತಾನಾಗಿ ಮೊದಲ ಡಬ್ಬದ ಮೇಲೆ ಹೋಯಿತು. ಎತ್ತಿ ನಮ್ಮ ಬೇಸ್‌ಮೆಂಟಿನಲ್ಲಿ ಇಟ್ಟುಬಿಡೋಣ, ಆಮೇಲೆ ಹೇಳಿದರಾಯಿತು ಎಂದು. ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಮೆಟ್ಟಿಲು ಹತ್ತಿ ಗಂಟೆ ಒತ್ತಿದೆ. ಎರಡು ವರ್ಷದಲ್ಲಿ ಮೊದಲ ಸಲ.

ಅವಳು ಕೋಟು ಹಾಕಿಕೊಂಡು ಹೊರಡಲು ಸಿದ್ಧಳಾಗಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ಅವಳ ಹಿಂದೆ ಕೋಣೆ ಕಂಡಿತು. ಅಂಟಿಸುವ ಮೇಜು ಇರಲಿಲ್ಲ.

"ಕೆಳಗ ಡಬ್ಬಿ ಅದಾವು," ಎಂದೆ.

"ಹೌದು."

"ಲಾರಿ ಬರಾಕತ್ತೈತಿ. ಒಳಗ ತಂದಿಡ್ಲೇನು? ನೀ ಹೇಳಿದ್ರ ತರ್ತೀನಿ. ಇಲ್ಲಂದ್ರ ಇಲ್ಲ."

ಅವಳು ನನ್ನ ಮುಖ ನೋಡಿದಳು. "ಬಿಡಣ್ಣಾ. ಅವನ್ನ ತಗೊಂಡ್ ಏನ್ ಮಾಡ್ಲಿ? ಆವತ್ತಿನಿಂದ ಒಂದ್ ಚೂರೂ ಬಿಟ್ಟಿಲ್ಲ. ಮ್ಯಾಲಿಂದ ಬಿಡಬೇಕು ಅಂತ ಕೈ ಎತ್ತಿದ್ರ, ಕೆಳಗ ಯಾರೋ ಎತ್ತಾಕ ಕುಂತಾರ ಅನಸ್ತೈತಿ."

ಇಬ್ಬರೂ ಕೆಳಗಿಳಿದು ಬಂದೆವು. ಲಾರಿ ಬಂದಿತ್ತು. ಕೈಗವಸಿನ ಆಳು ಒಂದೊಂದೇ ಡಬ್ಬ ಎತ್ತಿ ಒಗೆದ. ಕೊನೆಯದರ ತಳ ಕಿತ್ತುಹೋಗಿ ಟಿಕೀಟುಗಳು ಕಾಲುದಾರಿಯ ಮೇಲೆ ಸುರಿದವು. ಗಾಳಿಗೆ ಕೆಲವು ಹಾರಿ ಬೇಲಿಗೆ ಅಂಟಿದವು, ಕೆಲವು ನಿಂತ ಕಾರಿನ ಚಕ್ರದ ಹತ್ತಿರ ಬಿದ್ದವು, ಒಂದು ಅವಳ ಬೂಟಿನ ಮೇಲೆ ಬಿತ್ತು. ಲಾರಿ ಮುಂದಕ್ಕೆ ಹೋಯಿತು. ಬಗ್ಗಿ ಆರಿಸಲು ನನ್ನ ಬೆರಳುಗಳು ತುಡಿಯುತ್ತಿದ್ದವು. ಎರಡೂ ಕೈಗಳನ್ನು ಕೋಟಿನ ಕಿಸೆಯಲ್ಲಿ ತುರುಕಿಕೊಂಡೆ. ನಮ್ಮ ರೈಲು ಸ್ಟೇಷನ್ನಿಗೆ ಬಂದು ಹೋದ ಸದ್ದು ಕೇಳಿತು. ಅವಳು ಕದಲಲಿಲ್ಲ, ನಾನೂ ಕದಲಲಿಲ್ಲ. ಅಲ್ಲೇ ನಿಂತು ಹೇಳಿದೆ. ಹೇಳಿದ್ದನ್ನು ಇಲ್ಲಿ ಸರಿಪಡಿಸಿಲ್ಲ. ಬಾಯಿಂದ ಹೇಗೆ ಬಿತ್ತೋ ಹಾಗೇ ಬರೆದಿದ್ದೇನೆ.

"ತಂಗೆವ್ವಾ, ಆ ಬೆಕ್ಕ ಹಾಲ ಕುಡದಿತ್ತು. ಅವ್ವ ಕೋಲ ತಗೊಂಡ ಎದ್ದು, ಹೊಡೀದನ ನಕ್ಕೋತ ಕುಂತ್ಲು. ಅದನ್ನ ನಾ ಬರೀಲಿಲ್ಲ. ಜಾಗಾ ಇತ್ತು ಕಾಗದದಾಗ, ಎರಡ ಬಟ್ಟ ಖಾಲಿ ಬಿಟ್ಟಿದ್ದೆ, ಚಂದ ಕಾಣ್ಲಿ ಅಂತ. ಮೊಣಕಾಲ ಕಡಿಮಿ ಆಗಿರಲಿಲ್ಲ. ನೀ ಏನ ಹೊದ್ಕೋತೀಯೋ ಅಂತ ಕೇಳಿದ್ಲು, ನಾ ಹುಷಾರಾಗಿರು ಅಂತ ಬರದೆ. ನಿಂದು ಕಿತ್ತಿದ್ದು ನಾನು. ಮುಟ್ಟಬ್ಯಾಡ ಅಂದಿದ್ದಿ, ಕೇಳಿತ್ತು ನನಗ, ಆದ್ರೂ ಮುಟ್ಟಿದೆ. ಯಾಕ ಹರದಿ ಅಂತ ಒಂದ ಮಾತ ಕೇಳಬೇಕಾಗಿತ್ತು. ಮತ್ತ ಮಾಡಾಕ ನೋಡ್ದೆ, ಆಗಲಿಲ್ಲ, ಯಾರಿಗೂ ಆಗೂದಿಲ್ಲ ಅದು. ತಪ್ಪಾತು. ನನ್ನ ತಪ್ಪಾತು ತಂಗೆವ್ವಾ."